‘ಅಸಮಾನತೆ’ಗೆ ಸಮಾನಾರ್ಥಕ ಪದಗಳು ಯಾವುವು? ‘ತಾರತಮ್ಯ’ ಅಂದರೂ ಅದೇ ಅಲ್ವಾ?

ಪ್ರಬಂಧ ಪರೀಕ್ಷೆಗೆ ಓದುತ್ತಿದ್ದೀರಿ, ಎರಡನ್ನೂ ಒಂದರ ಬದಲು ಇನ್ನೊಂದು ಬರೆಯಬಹುದಾ ಅಂತ ಕೇಳಿದ್ದೀರಿ. ಬೇಡ. ಎರಡೂ ಹತ್ತಿರದ ಪದಗಳೇ, ಆದರೆ ಒಂದೇ ಅಲ್ಲ.

ಪದದ ನಂತರ ಒಂದು ಕ್ರಿಯಾಪದ ಸೇರಿಸಿ ನೋಡಿ, ತಿಳಿಯುತ್ತದೆ. ‘ತಾರತಮ್ಯ ಮಾಡಿದರು’ ಅನ್ನುತ್ತೇವೆ. ‘ಅಸಮಾನತೆ ಮಾಡಿದರು’ ಅಂತ ಯಾರೂ ಅನ್ನಲ್ಲ. ಅಸಮಾನತೆ ಇರುತ್ತದೆ, ಹೆಚ್ಚುತ್ತದೆ, ತಗ್ಗುತ್ತದೆ. ತಾರತಮ್ಯ ತಾನಾಗಿ ಆಗಲ್ಲ, ಅದನ್ನು ಯಾರೋ ಮಾಡಿರುತ್ತಾರೆ. ನಮ್ಮ ಸಂವಿಧಾನದಲ್ಲೂ ಈ ವ್ಯತ್ಯಾಸ ಕಾಣುತ್ತದೆ. ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು ಇವುಗಳ ಮೇಲೆ ತಾರತಮ್ಯ ಮಾಡಬಾರದು ಅಂತ 15ನೇ ವಿಧಿ ನೇರವಾಗಿ ನಿಷೇಧಿಸುತ್ತದೆ. ಆದಾಯದ ಅಸಮಾನತೆಯ ಮಾತು ಬರುವುದು 38ನೇ ವಿಧಿಯಲ್ಲಿ. ಅಲ್ಲಿ ನಿಷೇಧ ಇಲ್ಲ, ಅದನ್ನು ಕಡಿಮೆ ಮಾಡಲು ಸರ್ಕಾರ ಶ್ರಮಿಸಬೇಕು ಅಂತ ಇದೆ. ಒಬ್ಬರು ಮಾಡುವ ಕೆಲಸವನ್ನು ನಿಲ್ಲಿಸು ಅನ್ನಬಹುದು. ಬೆಳೆದು ನಿಂತ ಸ್ಥಿತಿಯನ್ನು ನಿಧಾನವಾಗಿ ಇಳಿಸಬೇಕು, ಅಷ್ಟೇ.

ನಾನು ಕೋಲಾರ ಜಿಲ್ಲೆಯವಳು, ಟೊಮೆಟೊ ಬೆಳೆಯುವ ಊರು. ನಮ್ಮಲ್ಲಿ ಹೆಣ್ಣಾಳಿಗೊಂದು ಕೂಲಿ, ಗಂಡಾಳಿಗೊಂದು ಕೂಲಿ. ಗಂಡಸರು ಬಾಕ್ಸ್ ಹೊರುತ್ತಾರೆ, ಅದಕ್ಕೇ ಜಾಸ್ತಿ ಅಂತ ಸಮಜಾಯಿಷಿ ಕೊಡುತ್ತಾರೆ. ಇಬ್ಬರೂ ಒಂದೇ ಸಾಲಲ್ಲಿ ಹಣ್ಣು ಬಿಡಿಸುವ ದಿನವೂ ಕೂಲಿ ಬೇರೆ ಬೇರೆಯೇ. ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲಿ. ಸರ್ಕಾರದ ಉದ್ಯೋಗ ಖಾತ್ರಿ ಯೋಜನೆಯಾದ ನರೇಗಾದ ಕೆಲಸ ಬಂದಾಗ ಗಂಡು ಹೆಣ್ಣು ಇಬ್ಬರಿಗೂ ಒಂದೇ ಕೂಲಿ ಅಂತ ಆಯಿತು. ಅಂದರೆ ಕೆರೆ ಹೂಳು ಎತ್ತಿದರೆ ಸಮ, ಪಕ್ಕದ ತೋಟಕ್ಕೆ ಹೋದರೆ ಕಮ್ಮಿ! ಇದನ್ನು ‘ಕೂಲಿಯಲ್ಲಿ ಅಸಮಾನತೆ ಇದೆ’ ಅಂತ ಬರೆದರೆ ವ್ಯಾಕರಣ ತಪ್ಪಲ್ಲ. ಆದರೆ ಅದು ಮಳೆ ಬಂದ ಹಾಗೆ ತಾನಾಗಿ ಬಂತು ಅನ್ನಿಸುತ್ತದೆ. ‘ಕೂಲಿಯಲ್ಲಿ ತಾರತಮ್ಯ ಮಾಡುತ್ತಾರೆ’ ಅಂದಾಗ ಹಾಗೆ ನಿಗದಿ ಮಾಡಿದವರೂ ವಾಕ್ಯದೊಳಗೆ ಬರುತ್ತಾರೆ. ನಾನಾದರೆ ಇದನ್ನೇ ಬರೆಯುತ್ತೇನೆ. ನೀವೂ ಇದನ್ನೇ ಬರೆಯಿರಿ ಅಂತ ನನ್ನ ಆಸೆ.

ತಾರತಮ್ಯಕ್ಕೆ ಮೊದಲಿನಿಂದ ಈ ಕೆಟ್ಟ ಅರ್ಥ ಇರಲಿಲ್ಲ. ‘ತರ’, ‘ತಮ’ ಅನ್ನುವ ಸಂಸ್ಕೃತದ ಪ್ರತ್ಯಯಗಳಿಂದ ಹುಟ್ಟಿದ್ದು ಅದು. ಉಚ್ಚತರ, ಉಚ್ಚತಮ ಅನ್ನುತ್ತೇವಲ್ಲ, ಅದೇ. ಮುಳಬಾಗಿಲಿನ ಹತ್ತಿರ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನ ಇದೆ. ಅಲ್ಲಿ ದ್ವೈತ ಸಿದ್ಧಾಂತದ ಪ್ರವಚನ ಕೇಳಿದರೆ ‘ದೇವತೆಗಳ ತಾರತಮ್ಯ’ ಅನ್ನುವ ಮಾತು ಬರುತ್ತದೆ. ಅಲ್ಲಿ ಅದು ದೇವತೆಗಳ ಸ್ಥಾನದ ಕ್ರಮ, ಅನ್ಯಾಯ ಅನ್ನುವ ಅರ್ಥ ಇಲ್ಲವೇ ಇಲ್ಲ. ಹಳೆಯ ಪುಸ್ತಕ ಓದುವಾಗ ಇದು ನೆನಪಿರಲಿ. ಇವತ್ತಿನ ಪತ್ರಿಕೆಯಲ್ಲಿ, ಕೋರ್ಟಿನಲ್ಲಿ, ಮಾತಿನಲ್ಲಿ ಮಾತ್ರ ತಾರತಮ್ಯ ಅಂದರೆ ಅನ್ಯಾಯವೇ.

ಇನ್ನು ಮನೆಮಾತು. ನಮ್ಮಲ್ಲಿ ಯಾವ ಅಜ್ಜಿಯೂ ಅಸಮಾನತೆ ಅನ್ನಲ್ಲ. ‘ಭೇದಭಾವ ಮಾಡಬ್ಯಾಡ’ ಅನ್ನುತ್ತಾರೆ, ಇಲ್ಲವೇ ‘ಒಬ್ಬರಿಗೊಂದು ಇನ್ನೊಬ್ಬರಿಗೊಂದು’ ಅನ್ನುತ್ತಾರೆ. ತೆಲುಗು ಮಾತಾಡುವ ಮನೆಗಳಲ್ಲಿ ವ್ಯತ್ಯಾಸಕ್ಕೆ ‘ತೇಡಾ’. ಎಲ್ಲಕ್ಕಿಂತ ಚೆನ್ನಾಗಿರುವುದು ‘ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ’. ಮಕ್ಕಳ ವಿಷಯಕ್ಕೂ ಬರುತ್ತದೆ, ಸರ್ಕಾರದ ವಿಷಯಕ್ಕೂ ಬರುತ್ತದೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬಂತು. ಎರಡು ಹಂತ ಮಾತ್ರ ಸಂಸ್ಕರಿಸಿದ ನೀರು ಅದು. ಅವರಿಗೆ ಕಾವೇರಿ, ನಮಗೆ ಇದು ಅಂತ ಜನ ಬೇಸರ ಪಟ್ಟಾಗ ಬಾಯಿಗೆ ಬಂದದ್ದು ಈ ಗಾದೆ. ಭಾಷಣ ಮಾಡುವವರು ಇದನ್ನೇ ‘ಮಲತಾಯಿ ಧೋರಣೆ’ ಅನ್ನುತ್ತಾರೆ. ಮಕ್ಕಳನ್ನು ಪ್ರೀತಿಯಿಂದ ಸಾಕಿದ ಎಷ್ಟೋ ಮಲತಾಯಂದಿರು ನಮ್ಮ ನಡುವೆಯೇ ಇದ್ದಾರೆ, ಹಾಗಾಗಿ ಆ ಮಾತು ನನಗೆ ಇಷ್ಟ ಇಲ್ಲ.

ಊರು, ತಾಲ್ಲೂಕುಗಳ ನಡುವಿನ ಅಂತರಕ್ಕೆ ಸರ್ಕಾರಿ ಕಾಗದದಲ್ಲಿ ‘ಪ್ರಾದೇಶಿಕ ಅಸಮತೋಲನ’ ಅಂತ ಬರೆಯುತ್ತಾರೆ. ಈ ಅಂತರವನ್ನು ಅಧ್ಯಯನ ಮಾಡಲು ಸರ್ಕಾರ ನೇಮಿಸಿದ್ದ ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ 2002ರಲ್ಲಿ ಬಂತು. ರಾಜ್ಯದಲ್ಲಿ ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು ಅಂತ ಅದು ಗುರುತಿಸಿತು. ನಮ್ಮ ಕಡೆಯ ಬಾಗೇಪಲ್ಲಿ, ಪಾವಗಡ ಆ 39ರಲ್ಲಿವೆ. ಪ್ರಬಂಧದಲ್ಲಿ ಈ ವಿಷಯ ಬಂದರೆ ‘ಅಸಮತೋಲನ’ ಬಳಸಿ.

‘ಮೇಲುಕೀಳು’ ಬೇರೆಯೇ ಜಾತಿಯ ಪದ. ಅದು ಹಣದ ಲೆಕ್ಕ ಅಲ್ಲ, ಮನುಷ್ಯರನ್ನು ಮೆಟ್ಟಿಲ ಮೇಲೆ ನಿಲ್ಲಿಸುವುದು. ಊಟದ ಸಾಲು ಬೇರೆ ಮಾಡಿದರೆ ಅದಕ್ಕೆ ‘ಪಂಕ್ತಿಭೇದ’ ಅಂತ ಖಚಿತವಾದ ಹೆಸರು ಇದೆ. ಹೋಟೆಲಿನಲ್ಲಿ ದಲಿತರಿಗೆ ಲೋಟ ಬೇರೆ ಇಟ್ಟರೆ ‘ಎರಡು ಲೋಟ ಪದ್ಧತಿ’. ಇಂಥ ಕಡೆ ದಯವಿಟ್ಟು ‘ಸಾಮಾಜಿಕ ಅಸಮಾನತೆ’ ಅಂತ ದೊಡ್ಡ ಪದ ಹಾಕಿ ಮುಚ್ಚಬೇಡಿ. ನಡೆದದ್ದು ಏನೋ ಅದರ ಹೆಸರನ್ನೇ ಬರೆಯಿರಿ.

‘ಏರುಪೇರು’ ಬೆಲೆಗೆ, ಆರೋಗ್ಯಕ್ಕೆ, ಹವಾಮಾನಕ್ಕೆ. 2023ರ ಜುಲೈನಲ್ಲಿ ಕೋಲಾರ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2000 ರೂಪಾಯಿ ದಾಟಿತ್ತು, ಆಮೇಲೆ ಕುಸಿಯಿತು. ಅದು ಏರುಪೇರು, ಅಸಮಾನತೆ ಅಲ್ಲ. ‘ಅಜಗಜಾಂತರ’ ಆಡು ಮತ್ತು ಆನೆಯ ಅಂತರ, ಹೋಲಿಸುವಾಗ ಮಾತ್ರ ಬರುತ್ತದೆ. ಗಣಿತದ ‘ಅಸಮತೆ’ಯಲ್ಲಿ ಒಂದು ಸಂಖ್ಯೆ ದೊಡ್ಡದು, ಇನ್ನೊಂದು ಚಿಕ್ಕದು, ಅಷ್ಟೇ.

ಪ್ರಬಂಧದಲ್ಲಿ ‘ಐದು ಬೆರಳೂ ಸಮ ಇರುತ್ತಾ?’ ಅನ್ನುವ ಗಾದೆ ಬಳಸಬಹುದಾ ಅಂತಲೂ ಕೇಳಿದ್ದೀರಿ. ನಮ್ಮೂರಲ್ಲಿ ಇದನ್ನು ತುಂಬಾ ಕೇಳಿದ್ದೇನೆ. ಹೆಚ್ಚಾಗಿ ಕೂಲಿ ಜಾಸ್ತಿ ಕೇಳಿದವರ ಬಾಯಿ ಮುಚ್ಚಿಸಲು ಹೇಳುತ್ತಾರೆ. ಮನುಷ್ಯರ ಸ್ವಭಾವ, ಪ್ರತಿಭೆ ಬೇರೆ ಬೇರೆ ಅನ್ನಲು ಬಳಸಿ, ಅಲ್ಲಿ ಅದು ನಿಜ. ಕೂಲಿಯ ವಿಷಯದಲ್ಲಿ ಅದನ್ನು ತರಬೇಡಿ. ವಿರುದ್ಧ ಪದ ಬೇಕಾದರೆ ಬರಹಕ್ಕೆ ‘ಸಮಾನತೆ’, ಮಾತಿಗೆ ‘ಎಲ್ಲರಿಗೂ ಒಂದೇ ಥರ’ ಸಾಕು.