ಸಣ್ಣ ಊರಿನ ನಾಟಕೋತ್ಸವಕ್ಕೆ ಅಂಗವಿಕಲರೂ ಆರಾಮಾಗಿ ಬರುವಂತೆ ಕಡಿಮೆ ಖರ್ಚಿನಲ್ಲಿ ಮಾಡುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಊರಿನ ಹವ್ಯಾಸಿ ತಂಡ, ವರ್ಷಕ್ಕೊಮ್ಮೆ ಮೂರು ದಿನದ ನಾಟಕೋತ್ಸವ, ಕೈಯಲ್ಲಿ ದುಡ್ಡು ಕಡಿಮೆ. ಗಾಲಿಕುರ್ಚಿಯವರು, ಕಣ್ಣು ಕಾಣದವರು, ಕಿವಿ ಕೇಳದವರು ಎಲ್ಲರೂ ಬಂದು ನೋಡಬೇಕು, ಅದೂ ಒಂದೇ ವರ್ಷಕ್ಕೆ ನಿಂತುಹೋಗಬಾರದು. ನಮ್ಮದೂ ಅಂಥದ್ದೇ ತಂಡ, ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ. ನಾಲ್ಕು ವರ್ಷದಿಂದ ಈ ಕೆಲಸ ನನ್ನ ಹೆಗಲಿಗೆ ಬಿದ್ದಿದೆ.

ಮೊದಲ ವರ್ಷ ಮಾಡಿದ ಎಡವಟ್ಟು ಹೇಳುತ್ತೇನೆ. ಸಭಾಂಗಣದ ಬಾಗಿಲಿಗೆ ಮೂರು ಮೆಟ್ಟಿಲು. ಸೆಟ್ಟಿಗೆ ತಂದಿದ್ದ ಎರಡು ಹಲಗೆ ಜೋಡಿಸಿ, ಪೋಸ್ಟರಿನಲ್ಲಿ 'ರ‍್ಯಾಂಪ್ ಇದೆ' ಅಂತ ಹಾಕಿಬಿಟ್ಟೆವು. ಮೂರು ದಿನದಲ್ಲಿ ಗಾಲಿಕುರ್ಚಿಯಲ್ಲಿ ಬಂದವರು ಒಬ್ಬರೇ. ಇಬ್ಬರು ಹುಡುಗರು ಹಿಂದಿನಿಂದ ನೂಕುತ್ತಿದ್ದರೆ ಮುಂದಿನ ಚಕ್ರ ಮೇಲೇಳುತ್ತಿತ್ತು. "ಇದು ರ‍್ಯಾಂಪಲ್ಲ ಮಾರಾಯ್ರೇ, ಜಾರುಬಂಡೆ" ಅಂತ ಅವರೇ ನಕ್ಕರು. ನಮಗೆ ನಗು ಬರಲಿಲ್ಲ.

ಲೆಕ್ಕ ಇಷ್ಟೇ: 1 ಅಡಿ ಎತ್ತರಕ್ಕೆ 12 ಅಡಿ ಉದ್ದ. ಆರಾರು ಇಂಚಿನ ಮೂರು ಮೆಟ್ಟಿಲು ಅಂದರೆ ಒಂದೂವರೆ ಅಡಿ, ಅದಕ್ಕೆ 18 ಅಡಿ ರ‍್ಯಾಂಪ್ ಬೇಕು. ನಮ್ಮ ಹಲಗೆ ಇದ್ದದ್ದು ಆರು ಅಡಿ! ಮರುವರ್ಷ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಚೌಕಟ್ಟು ಮಾಡಿಸಿ ಮೇಲೆ ದಪ್ಪ ಪ್ಲೈವುಡ್ ಹೊಡೆಸಿದೆವು. ಆರಾರು ಅಡಿಯ ಮೂರು ತುಂಡು, ನಾಲ್ಕು ಜನ ಹಿಡಿದರೆ ಒಂದು ತುಂಡು ಏಳುತ್ತದೆ. ಚಕ್ರ ಪಕ್ಕಕ್ಕೆ ಜಾರದಂತೆ ಎರಡೂ ಅಂಚಿಗೆ ರೀಪು ಹೊಡೆಸಿದೆವು. ಬಣ್ಣ ಹಸಿ ಇರುವಾಗಲೇ ಜರಡಿ ಹಿಡಿದ ಮರಳು ಉದುರಿಸಿದೆವು. ಮಳೆ ಬಂದರೂ ಚಪ್ಪಲಿ ಜಾರುವುದಿಲ್ಲ.

ಆದರೆ ಆ ರ‍್ಯಾಂಪ್ ಇಡುವುದೆಲ್ಲಿ? ಯಾರ ಮನೆಯಲ್ಲೂ ಜಾಗವಿಲ್ಲ. ಕೊನೆಗೆ ಶಾಮಿಯಾನದವರಿಗೇ ಕೊಟ್ಟುಬಿಟ್ಟೆವು. ಕರಾರು ಒಂದೇ: ನಮ್ಮ ಉತ್ಸವಕ್ಕೆ ಪುಕ್ಕಟೆ, ಉಳಿದ ದಿನ ಬಾಡಿಗೆ ಅವರದ್ದು. ಈಗ ಅವರ ದರಪಟ್ಟಿಯಲ್ಲಿ ಕುರ್ಚಿ, ಜಮಖಾನ, ಜನರೇಟರ್ ಜೊತೆ ರ‍್ಯಾಂಪ್ ಕೂಡ ಇದೆ. ಮದುವೆ ಮನೆಯವರು ಅಜ್ಜ ಅಜ್ಜಿಯರಿಗೆ ಅಂತ ಕೇಳಿ ಒಯ್ಯುತ್ತಾರೆ. ಮುರಿದರೆ ರಿಪೇರಿಯೂ ಅವರದ್ದೇ. ಒಂದೇ ವರ್ಷಕ್ಕೆ ನಿಂತುಹೋಗಬಾರದು ಅಂದಿರಲ್ಲ, ನಮ್ಮಲ್ಲಿ ನಿಲ್ಲದೆ ನಡೆದದ್ದು ಹೀಗೆ. ಸಮಿತಿ ಪ್ರತಿ ವರ್ಷ ಬದಲಾಗುತ್ತದೆ, ಶಾಮಿಯಾನದವರು ಬದಲಾಗುವುದಿಲ್ಲ.

ಶಾಮಿಯಾನ ಅಂದಮೇಲೆ ಇನ್ನೊಂದು. ಪೆಂಡಾಲಿನ ಹಗ್ಗ ಓರೆಯಾಗಿ ಇಳಿದಿರುತ್ತದೆ. ಕಣ್ಣು ಕಾಣದವರ ಬಿಳಿ ಕೋಲು ಅದರ ಅಡಿಯಿಂದ ಸಲೀಸಾಗಿ ಹೋಗುತ್ತದೆ, ಹಗ್ಗ ತಾಗುವುದು ಮುಖಕ್ಕೆ. ಹಗ್ಗ ಇರುವ ಕಡೆ ನಡೆಯುವ ದಾರಿಯನ್ನೇ ಬಿಡಬೇಡಿ, ಕುರ್ಚಿ ಸಾಲು ಅಡ್ಡ ಇಡಿ. ದಾರಿಯಲ್ಲಿ ಜಮಖಾನವೂ ಬೇಡ, ಚಕ್ರಕ್ಕೆ ಸುತ್ತಿಕೊಳ್ಳುತ್ತದೆ.

ಕೂರುವ ಜಾಗಕ್ಕಂತೂ ಖರ್ಚೇ ಇಲ್ಲ. ಒಂದು ಗಾಲಿಕುರ್ಚಿಗೆ 3 ಅಡಿ ಅಗಲ, 4 ಅಡಿ ಉದ್ದ ಸಾಕು. ನಡುವಿನ ದಾರಿಯ ಪಕ್ಕದಲ್ಲಿ ಅಲ್ಲಲ್ಲಿ ಪ್ಲಾಸ್ಟಿಕ್ ಕುರ್ಚಿ ತೆಗೆಯಿರಿ, ಜೊತೆಗೆ ಬಂದವರ ಕುರ್ಚಿ ಪಕ್ಕದಲ್ಲೇ ಇರಲಿ. ಎಲ್ಲರನ್ನೂ ಒಂದು ಮೂಲೆಗೆ, ಸ್ಪೀಕರ್ ಡಬ್ಬದ ಬುಡಕ್ಕೆ ತಳ್ಳಬೇಡಿ.

ಕಿವಿ ಕೇಳದವರಿಗೆ ನಾವು ಮಾಡಿದ್ದು ಪರದೆ ಮೇಲಿನ ಅಕ್ಷರ. ನಾಟಕದ ಮಾತೆಲ್ಲ ಕಂಪ್ಯೂಟರಿನಲ್ಲಿ ಟೈಪ್ ಆಗಿಯೇ ಇರುತ್ತದಲ್ವಾ? ಒಂದೊಂದು ಸ್ಲೈಡಿಗೆ ಎರಡು ಸಾಲು, ಕಪ್ಪು ಹಿನ್ನೆಲೆ, ಬಿಳಿ ಅಕ್ಷರ. ತಾಲೀಮಿಗೆ ದಿನಾ ಬಂದ ಒಬ್ಬರು ಕೂತು ಒತ್ತುತ್ತಾ ಹೋಗಬೇಕು. ಪ್ರೊಜೆಕ್ಟರ್ ಒಂದು ಶಾಲೆಯಿಂದ ಕಡ ತಂದೆವು. ಕಷ್ಟ ಬಂದದ್ದು ನಮ್ಮ ಹಾಸ್ಯ ನಟರಿಂದ. ಚಪ್ಪಾಳೆ ಬಿದ್ದರೆ ಸಾಕು, ಸ್ಕ್ರಿಪ್ಟಿನಲ್ಲಿ ಇಲ್ಲದ್ದನ್ನೆಲ್ಲ ಸೇರಿಸುತ್ತಾರೆ. ಒತ್ತುವ ಹುಡುಗಿ ಕಕ್ಕಾಬಿಕ್ಕಿ. ಈಗ ಅವಳ ಹತ್ತಿರ 'ನಟರು ಸುಮ್ನೆ ಸೇರಿಸಿದ ಮಾತು' ಅಂತಲೇ ಒಂದು ಸ್ಲೈಡ್ ಇದೆ, ಅದಕ್ಕೂ ಜನ ನಗುತ್ತಾರೆ.

ಅಕ್ಷರ ಹಾಕಿದರೆ ಸನ್ನೆ ಭಾಷೆ ಬೇಡ ಅಂದುಕೊಳ್ಳಬೇಡಿ. ಅದಕ್ಕೆ ಅದರದ್ದೇ ವ್ಯಾಕರಣವಿದೆ. ಅದರಲ್ಲೇ ಬೆಳೆದ ಎಷ್ಟೋ ಜನರಿಗೆ ಕನ್ನಡ ಓದುವುದು ಸಲೀಸಲ್ಲ. ಮೂರೂ ದಿನಕ್ಕೆ ದುಡ್ಡು ಸಾಲದಿದ್ದರೆ ಒಂದು ದಿನಕ್ಕಾದರೂ ಇಬ್ಬರು ಅನುವಾದಕರನ್ನು ಕರೆಸಿ. ಇಬ್ಬರು ಯಾಕೆಂದರೆ ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಬದಲಾಗದಿದ್ದರೆ ಕೈಯೂ ತಲೆಯೂ ದಣಿಯುತ್ತವೆ. ಸ್ಕ್ರಿಪ್ಟು ವಾರ ಮೊದಲೇ ಕಳಿಸಿ. ಅವರ ಮೇಲೆ ಪ್ರತ್ಯೇಕ ಸಣ್ಣ ಲೈಟ್ ಇರಲಿ, ಇಲ್ಲದಿದ್ದರೆ ರಂಗ ಕತ್ತಲಾದಾಗ ಅವರೂ ಮಾಯ. ಸಂಭಾವನೆ ಕೊಡಿ. 'ಸೇವೆ ಅಂದುಕೊಳ್ಳಿ' ಅನ್ನಬೇಡಿ. ನೋಡುಗರ ಜೊತೆ ಸಂವಾದ ಇದ್ದರೆ ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ಆ್ಯಪ್ ಮಾತನ್ನು ಕನ್ನಡ ಅಕ್ಷರಕ್ಕೆ ಇಳಿಸುತ್ತದೆ, ಪುಕ್ಕಟೆ. ತಪ್ಪುಗಳಿರುತ್ತವೆ, ನಾಟಕಕ್ಕಂತೂ ಆಗುವುದಿಲ್ಲ.

ಕಣ್ಣು ಕಾಣದವರನ್ನು ಅರ್ಧ ಗಂಟೆ ಮೊದಲು ರಂಗದ ಮೇಲೆ ಕರೆದುಕೊಂಡು ಹೋಗುತ್ತೇವೆ. ಸೆಟ್ಟು, ಕತ್ತಿ, ಕಿರೀಟ ಎಲ್ಲ ಮುಟ್ಟಿ ನೋಡುತ್ತಾರೆ. ನಟರು ಒಬ್ಬೊಬ್ಬರೇ ಬಂದು ಪಾತ್ರದ ದನಿಯಲ್ಲಿ ತಮ್ಮ ಪರಿಚಯ ಹೇಳುತ್ತಾರೆ. ಕಳೆದ ವರ್ಷ ಒಬ್ಬ ಹುಡುಗ ರಾಜನ ಕಿರೀಟ ತೂಗಿ ನೋಡಿ, "ಇಷ್ಟು ಹಗುರವಾ? ಥರ್ಮಾಕೋಲ್ ತಾನೇ?" ಅಂದ. ರಾಜನ ಪಾತ್ರದವರ ಮುಖ ನೋಡಬೇಕಿತ್ತು!

ಶೌಚಾಲಯ ನಮಗೂ ತಲೆನೋವೇ. ಸಭಾಂಗಣದ್ದಕ್ಕೆ ಎರಡು ಅಡಿ ಬಾಗಿಲು, ಒಳಗೊಂದು ಮೆಟ್ಟಿಲು. ಪಕ್ಕದ ಸರ್ಕಾರಿ ಶಾಲೆಯಲ್ಲಿ ಗಾಲಿಕುರ್ಚಿ ಹೋಗುವಂಥದ್ದು ಇತ್ತು, ಮುಖ್ಯೋಪಾಧ್ಯಾಯರನ್ನು ಕೇಳಿ ಬೀಗದ ಕೈ ಪಡೆದೆವು. ಇದನ್ನು ಆಮಂತ್ರಣದಲ್ಲೇ ಬರೆಯಿರಿ, ಯಾಕೆಂದರೆ ಎಷ್ಟೋ ಜನ ಇದೇ ಭಯಕ್ಕೆ ಮಧ್ಯಾಹ್ನದಿಂದ ನೀರು ಕುಡಿದಿರುವುದಿಲ್ಲ. ಏನಿಲ್ಲ ಅನ್ನುವುದನ್ನೂ ಬರೆಯಿರಿ. ವಾಟ್ಸ್ಯಾಪಿನಲ್ಲಿ ಪೋಸ್ಟರಿನ ಚಿತ್ರ ಮಾತ್ರ ಹಾಕಿದರೆ ಕಣ್ಣು ಕಾಣದವರಿಗೆ ಫೋನ್ ಅದನ್ನು ಸರಿಯಾಗಿ ಓದಿ ಹೇಳುವುದಿಲ್ಲ, ಕೆಳಗೆ ಅದನ್ನೇ ಟೈಪ್ ಮಾಡಿ.

ಇಷ್ಟೆಲ್ಲ ಮಾಡಿದರೂ ಎರಡನೇ ವರ್ಷ ಬಂದವರು ಮೂವರೇ. ಆಮೇಲೆ ಗೊತ್ತಾಯಿತು, ನಾವು ಕರೆದದ್ದು ಯಾರಿಗೂ ತಲುಪೇ ಇರಲಿಲ್ಲ. ಕರ್ನಾಟಕದಲ್ಲಿ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರೂ ಅಂಗವಿಕಲರೇ, ಯಾರ ಮನೆ ಎಲ್ಲಿದೆ, ಯಾರಿಗೆ ಏನು ಬೇಕು ಅಂತ ಅವರಿಗೆ ಗೊತ್ತು. ತಿಂಗಳು ಮೊದಲೇ ಅವರ ಜೊತೆ ಕೂತು ಚಹಾ ಕುಡಿಯಿರಿ. ನಮಗೆ ಸಿಕ್ಕ ಅಕ್ಕ ಕೇಳಿದ ಮೊದಲ ಪ್ರಶ್ನೆಯೇ, "ನಾಟಕ ಮುಗಿಯುವುದು ಹತ್ತೂವರೆಗೆ. ವಾಪಸ್ ಮನೆಗೆ ಹೋಗುವುದು ಹೇಗೆ, ಸಾರ್?" ಈಗ ಆರಕ್ಕೇ ಶುರು ಮಾಡುತ್ತೇವೆ, ಎರಡು ಆಟೋ ಗೊತ್ತು ಮಾಡಿರುತ್ತೇವೆ.

ದುಡ್ಡಿನ ವಿಷಯ. ಮಿಕ್ಕಿದರೆ ನೋಡೋಣ ಅಂದರೆ ಯಾವತ್ತೂ ಮಿಗುವುದಿಲ್ಲ. ನಾವು ಅತಿಥಿಗಳ ಶಾಲು, ಹಾರ, ಸ್ಮರಣಿಕೆ ನಿಲ್ಲಿಸಿದೆವು. ಆಟೋ ಮತ್ತು ಅನುವಾದಕರ ಖರ್ಚು ಬಹುತೇಕ ಅದರಲ್ಲೇ ಹೊರಟಿತು. ಒಂದಿಬ್ಬರು ಹಿರಿಯರು ಮುನಿಸಿಕೊಂಡರು, ಇರಲಿ ಬಿಡಿ.

ಸಭಾಂಗಣ ಪುರಸಭೆಯದ್ದಾದರೆ ಖಾಯಂ ರ‍್ಯಾಂಪಿಗೆ ಒಂದು ಅರ್ಜಿ ಕೊಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ, ನಿಯಮ ಬಂದ 5 ವರ್ಷದೊಳಗೆ ಹಳೆಯ ಸಾರ್ವಜನಿಕ ಕಟ್ಟಡಗಳನ್ನೂ ಸರಿಮಾಡಬೇಕಿತ್ತು. ನಿಯಮ ಬಂದದ್ದು 2017ರಲ್ಲಿ. ನಮ್ಮ ಅರ್ಜಿ ಇನ್ನೂ ಕಡತದಲ್ಲೇ ಇದೆ, ಅಲ್ಲಿಯವರೆಗೆ ಶಾಮಿಯಾನದವರ ರ‍್ಯಾಂಪೇ ಗತಿ. ನಿಮ್ಮ ಸಭಾಂಗಣದ ಮೆಟ್ಟಿಲು ಅಳೆದು ಇಂಚಿನಲ್ಲಿ ತಿಳಿಸಿ, ಎಷ್ಟು ತುಂಡು ಬೇಕಾಗುತ್ತದೆ ಅಂತ ಹೇಳುತ್ತೇನೆ.