ಬೆಂಕಿ ತೋರಿಸಬೇಕೆ? ಬೆಂಕಿ ನೆಚ್ಚಬೇಡಿ

ಪ್ರಶ್ನೆ: ಅಮೆರಿಕದ ಮೂಕಿ ಚಿತ್ರಗಳ ನಿರ್ದೇಶಕ ಡಿ. ಡಬ್ಲ್ಯು. ಗ್ರಿಫಿತ್‌ನ ‘ಎ ಡ್ರಂಕರ್ಡ್ಸ್ ರಿಫಾರ್ಮೇಶನ್’ (1909) ಕೊನೆಯಲ್ಲಿ ಅಪ್ಪ, ಅಮ್ಮ, ಮಗಳು ಅಗ್ಗಿಷ್ಟಿಕೆ ಮುಂದೆ ಇರುವ ದೃಶ್ಯವಿದೆಯಲ್ಲ, ಅಂಥದ್ದನ್ನು ನಮ್ಮ ಮೂಕಿ ಕಿರುಚಿತ್ರಕ್ಕೆ ಸೌದೆ ಉರಿ, ಹಳದಿ ಬಲ್ಬು ಇಟ್ಟು ತೆಗೆದೆವು. ಎಡಿಟಿಂಗಿನಲ್ಲಿ ಹಳೇ ಫಿಲ್ಮಿನ ಛಾಯೆ ಕೊಟ್ಟೊಡನೆ ಮುಖಗಳೇ ಮುಳುಗಿದವು. ಯಾಕೆ?

ಉತ್ತರ: ಮತ್ತದೇ ಸೌದೆ! ಆಗಿನ ಫಿಲ್ಮು ಕೆಂಪಿಗೆ ಕುರುಡು, ನೀಲಿಗೆ ಚುರುಕು. ನೀವು ಕೊಟ್ಟ ಛಾಯೆ ಅದನ್ನೇ ಅನುಕರಿಸುತ್ತದೆ. ಉರಿಯಲ್ಲೂ ಹಳದಿ ಬಲ್ಬಿನಲ್ಲೂ ನೀಲಿ ತೀರಾ ಕಮ್ಮಿ. ಆ ಕಾಲದ ಕಾರ್ಬನ್ ಆರ್ಕ್, ಪಾದರಸದ ದೀಪಗಳಲ್ಲಿ ನೀಲಿ ಧಾರಾಳ. ಅದಕ್ಕೇ ಅವು ಸ್ಟುಡಿಯೋ ಹೊಕ್ಕಿದ್ದು.

ನೀವು ಹಗಲು ಬೆಳಕಿನ ಬಣ್ಣದ, ಅಂದರೆ 5600 ಕೆಲ್ವಿನ್‌ನ ಬಿಳಿ ಎಲ್‌ಇಡಿ ತನ್ನಿ. ಅಗ್ಗಿಷ್ಟಿಕೆಯೊಳಗೆ ನೆಲಮಟ್ಟದಲ್ಲಿ, ಮುಂದಿನ ಕೊರಡಿನ ಮರೆಯಲ್ಲಿಡಿ. ಮೇಲಿನ ದೀಪಗಳೆಲ್ಲ ಆರಲಿ. ಮೂಗಿನ ನೆರಳು ಹಣೆಯ ಕಡೆಗೆ ಏರಬೇಕು. ಕೆಳಗೆ ಬಿದ್ದರೆ ಎಲ್ಲೋ ಒಂದು ಟ್ಯೂಬ್‌ಲೈಟ್ ಉಳಿದಿದೆ ಎಂದೇ ಅರ್ಥ. ಎಕ್ಸ್‌ಪೋಶರನ್ನು ಕೆನ್ನೆಗೆ ಹೊಂದಿಸಿ, ಹಿಂದಿನ ಗೋಡೆ ಎರಡು ಮೂರು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧ) ಕತ್ತಲಾಗಲಿ. ಮಿನುಗಿಗೆ ದೀಪದ ಮುಂದೆ ಕಾಗದದ ಪಟ್ಟಿಗಳನ್ನು ಕೈಯಲ್ಲೇ ತಾಳ ತಪ್ಪಿಸಿ ಆಡಿಸಿ. ಫ್ಯಾನಿಗೆ ಕಟ್ಟಿದರೆ ಚೋಕು ಕೆಟ್ಟ ಟ್ಯೂಬ್‌ಲೈಟಿನಂತೆ ಕಾಣುತ್ತದೆ.

ಇನ್ನು ಯಾರೂ ಕೇಳದ ಮಾತು: ಇಲ್ಲಿ ನಟನ ಕುರ್ಚಿಯ ಜಾಗವೇ ಅಭಿನಯದ ಅರ್ಧ. ದೀಪದಿಂದ ನಾಲ್ಕು ಅಡಿ ದೂರದ ಮುಖ ಒಂದಡಿ ಮುಂದೆ ಬಾಗಿದರೆ ಬೆಳಕು ಸುಮಾರು 1.8 ಪಟ್ಟಾಗುತ್ತದೆ. ನಿಧಾನ ಬಾಗಿದರೆ ಕಣ್ಣೊಳಗೆ ಉರಿ ಹತ್ತಿದಂತಿರುತ್ತದೆ. ಥಟ್ಟನೆ ಬಾಗಿದರೆ ಕೆನ್ನೆ ಬಿಳಿ ಸುಣ್ಣ. ನೆಲಕ್ಕೆ ಟೇಪ್ ಅಂಟಿಸಿ, ಬಾಗುವುದನ್ನೇ ನಾಲ್ಕೈದು ಸಲ ರಿಹರ್ಸಲ್ ಮಾಡಿಸಿ.

ಕಪ್ಪು-ಬಿಳುಪಿಗೆ ಬಣ್ಣ ತೆಗೆಯುವಾಗ, ಯಾವ ಬಣ್ಣಕ್ಕೆ ಎಷ್ಟು ಪಾಲು ಎಂದು ಹೊಂದಿಸುವ ಚಾನೆಲ್ ಮಿಕ್ಸರ್‌ನಲ್ಲಿ ಕೆಂಪು 0, ಹಸಿರು 40, ನೀಲಿ 60ರಿಂದ ಶುರು ಮಾಡಿ. ಕೆಂಪು ಲಿಪ್‌ಸ್ಟಿಕ್, ಕುಂಕುಮ ಎರಡೂ ಇದ್ದಿಲಾಗುತ್ತವೆ, ಮೊಡವೆ ಕಲೆ ಎದ್ದು ಕಾಣುತ್ತದೆ. ತುಟಿ ಒರೆಸಿ, ಬಿಳಿಚು ಪ್ಯಾನ್‌ಕೇಕ್ ಮೇಕಪ್ ತೆಳುವಾಗಿ ಹಚ್ಚಿ. ಉರಿಯ ಹೊನ್ನು ಬೇಕಿದ್ದರೆ ಎಲ್ಲ ಮುಗಿದ ಮೇಲೆ ಇಡೀ ಶಾಟಿಗೆ ಅಂಬರ್ ಟಿಂಟ್ (ಜೇನುಹಳದಿ ಲೇಪ) ಕೊಡಿ.

ಪ್ರಶ್ನೆ: ಮಾತಿಲ್ಲದ ಮೇಲೆ ಕೈಕಾಲು ಬೀಸಲೇಬೇಕಲ್ಲವೇ?

ಉತ್ತರ: ಗ್ರಿಫಿತ್‌ನ ಅದೇ ಚಿತ್ರದಲ್ಲಿ ರಂಗದ ಮೇಲಿನ ನಟರು ಬೀಸುತ್ತಾರೆ, ನಾಟಕ ನೋಡುವ ಕುಡುಕ ಅಪ್ಪ ಸೀಟು ಬಿಡದೆ ಬದಲಾಗುತ್ತಾನೆ. ಎರಡನ್ನೂ ಪಕ್ಕಪಕ್ಕ ನೋಡಿ.

ಪ್ರಶ್ನೆ: ಹಳೇ ಮೂಕಿ ಚಿತ್ರಗಳಲ್ಲಿ ನಟರೆಲ್ಲ ದಡಬಡ ಓಡುವುದೇಕೆ?

ಉತ್ತರ: ಅವರು ಓಡುತ್ತಿಲ್ಲ. ಸೆಕೆಂಡಿಗೆ 16 ಫ್ರೇಮಿನ ಆಸುಪಾಸಿನಲ್ಲಿ ಕೈಯಲ್ಲಿ ತಿರುಗಿಸಿ ತೆಗೆದದ್ದನ್ನು 24ರಲ್ಲಿ ಓಡಿಸುವವರನ್ನು ಕೇಳಿ.

ಪ್ರಶ್ನೆ: ಗೀರು, ಧೂಳು ಹಾಕುವ ಆ್ಯಪ್ ಯಾವುದು ಒಳ್ಳೆಯದು?

ಉತ್ತರ: ಯಾವುದೂ ಅಲ್ಲ. ಹೊಸ ಪ್ರಿಂಟಿನಲ್ಲಿ ಆಗಲೂ ಗೀರಿರಲಿಲ್ಲ.