ಮಗಳನ್ನು ಶಾಲೆಗೆ ಸೇರಿಸದೆ ಮನೆಯಲ್ಲೇ ಕಲಿಸಬಹುದೇ? ಮುಂದೆ ಪರೀಕ್ಷೆ, ಕಾಲೇಜುಗಳಿಗೆ ತೊಂದರೆಯಾಗುವುದಿಲ್ಲವೇ?

ಆರು ವರ್ಷ ತುಂಬುತ್ತಿರುವ ಮಗಳನ್ನು ಒಂದನೆಯ ತರಗತಿಗೆ ಸೇರಿಸದೆ ಮನೆಯಲ್ಲೇ ಕಲಿಸಬೇಕೆಂದಿದ್ದೀರಿ, ಅದು ಕಾನೂನಿಗೆ ವಿರುದ್ಧವೇ, ಮುಂದೆ ಹತ್ತನೆಯ ತರಗತಿ ಮತ್ತು ಪಿಯುಸಿಗೆ ಏನು ದಾರಿ ಎಂದು ಕೇಳಿದ್ದೀರಿ. ನಾನು ಮತ್ತು ನನ್ನ ಪತ್ನಿ ಮೈಸೂರಿನ ಹೊರವಲಯದಲ್ಲಿ ವಾಸವಾಗಿದ್ದು, ಎರಡನೆಯ ತರಗತಿ ಮುಗಿಸಿದ್ದ ಮಗನನ್ನು ಶಾಲೆಯಿಂದ ಬಿಡಿಸಿ ಹತ್ತನೆಯ ತರಗತಿಯ ಮಟ್ಟದವರೆಗೆ ಮನೆಯಲ್ಲೇ ಓದಿಸಿದೆವು. ಮಗಳು ಐದನೆಯ ತರಗತಿಯ ಮಟ್ಟದವರೆಗೆ ಮನೆಯಲ್ಲಿ ಕಲಿತು, ಅನಂತರ ತನ್ನದೇ ಹಟದಿಂದ ಶಾಲೆಗೆ ಸೇರಿದಳು. ಈ ಅನುಭವದಿಂದ ಹೇಳುವುದಾದರೆ, ಕಲಿಸುವುದೇನೂ ಅಸಾಧ್ಯವಲ್ಲ. ಆದರೆ ಹೆಚ್ಚಿನ ತಂದೆತಾಯಿಗಳು ಪಠ್ಯದ ಬಗ್ಗೆ ಚಿಂತಿಸಿ, ತಮ್ಮ ಹಗಲಿನ ಹೊತ್ತು ಮತ್ತು ಮಗುವಿನ ದಾಖಲೆಪತ್ರ ಎಂಬ ಎರಡು ಸಂಗತಿಗಳನ್ನು ಮರೆಯುತ್ತಾರೆ. ನಾವೂ ಮರೆತಿದ್ದೆವು.

ಮೊದಲು ಕಾನೂನು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆಂದು ಅದರ 10ನೆಯ ಕಲಂ ಹೇಳುತ್ತದೆ. ಸೇರಿಸದ ಪೋಷಕರಿಗೆ ಮಾತ್ರ ಕಾಯ್ದೆಯಲ್ಲಿ ಯಾವ ದಂಡವನ್ನೂ ವಿಧಿಸಿಲ್ಲ. ಮನೆಶಾಲೆಗೆ ಸ್ಪಷ್ಟ ಅನುಮತಿಯೂ ಇಲ್ಲ, ಶಿಕ್ಷೆಯೂ ಇಲ್ಲ ಎಂಬ ಈ ನಡುವಿನ ಜಾಗದಲ್ಲಿಯೇ ನಮ್ಮಂಥವರು ಬದುಕುತ್ತಿದ್ದೇವೆ. ದಂಡವಿರುವುದು ಮಾನ್ಯತೆಯಿಲ್ಲದೆ ಶಾಲೆ ನಡೆಸುವವರಿಗೆ: 1 ಲಕ್ಷ ರೂಪಾಯಿಯವರೆಗೆ, ಆಮೇಲೂ ಮುಂದುವರಿಸಿದರೆ ದಿನಕ್ಕೆ 10,000 ರೂಪಾಯಿ. ಆದ್ದರಿಂದ ಅಕ್ಕಪಕ್ಕದ ಮಕ್ಕಳನ್ನೂ ಕೂಡಿಸಿ, ಶುಲ್ಕ ಪಡೆದು, ಬಾಗಿಲಿಗೆ ಹೆಸರಿನ ಫಲಕ ತೂಗುಹಾಕುವ ಉತ್ಸಾಹ ಬಂದರೆ ದಯವಿಟ್ಟು ತಡೆದುಕೊಳ್ಳಿ.

ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಶಿಕ್ಷಣ ಇಲಾಖೆಯ ಸಿಆರ್‌ಪಿಯವರು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಶಾಲೆಯಿಂದ ಹೊರಗುಳಿದ ಮಕ್ಕಳ ಪಟ್ಟಿ ಹಿಡಿದು ಒಂದು ದಿನ ನಿಮ್ಮ ಮನೆಗೂ ಬರಬಹುದು. ಅವರ ಮೇಲೆ ಸಿಟ್ಟಾಗಬೇಡಿ. ಶಾಲೆ ಬಿಟ್ಟ ಮಕ್ಕಳ ವಿಷಯವನ್ನು ಕರ್ನಾಟಕ ಹೈಕೋರ್ಟ್ 2013ರಲ್ಲಿ ಸ್ವಯಂಪ್ರೇರಿತವಾಗಿ ವಿಚಾರಣೆಗೆ ಎತ್ತಿಕೊಂಡ ಮೇಲೆ ಇಲಾಖೆಯವರು ಅಂಥ ಮಕ್ಕಳನ್ನು ಹುಡುಕಲೇಬೇಕಾಗಿದೆ. ಇಟ್ಟಿಗೆ ಗೂಡಿನಲ್ಲಿ ದುಡಿಯುವ ಮಗುವೂ ಗ್ರಂಥಾಲಯದಲ್ಲಿ ಕೂತು ಓದುವ ನಿಮ್ಮ ಮಗಳೂ ಆ ಪಟ್ಟಿಯಲ್ಲಿ ಒಂದೇ ಸಾಲಿನಲ್ಲಿರುತ್ತಾರೆ. ನಾವು ಮಕ್ಕಳ ನೋಟುಪುಸ್ತಕಗಳನ್ನು ತಾರೀಕು ಹಾಕಿ ಜೋಡಿಸಿಟ್ಟಿದ್ದೆವು. ಬಂದವರು ಅರ್ಧ ಗಂಟೆ ಅವುಗಳನ್ನು ತಿರುವಿ ನೋಡಿ, ಮಗನಿಂದ ಹನ್ನೆರಡರ ಮಗ್ಗಿ ಹೇಳಿಸಿ, ಕಾಫಿ ಕುಡಿದು ಹೋದರು.

ಕಲಿಸುವ ಕ್ರಮದಲ್ಲಿ ನಮ್ಮ ಮೊದಲ ಮೂರು ತಿಂಗಳು ಪೂರ್ತಿ ವ್ಯರ್ಥವಾದವು. ಗೋಡೆಗೆ ವೇಳಾಪಟ್ಟಿ ಅಂಟಿಸಿ, ನಲವತ್ತು ನಿಮಿಷಕ್ಕೊಂದು ಪೀರಿಯಡ್ ಎಂದು ಗೊತ್ತುಮಾಡಿ, ಯಾವ ಶಾಲೆಯ ಕಾಟ ಬೇಡವೆಂದು ಮಗನನ್ನು ಬಿಡಿಸಿದ್ದೆವೋ ಅದನ್ನೇ ಊಟದ ಮೇಜಿನ ಮೇಲೆ ಮತ್ತೆ ಕಟ್ಟಿದೆವು. ಮಗ ಅತ್ತ, ಪತ್ನಿ ಗದರಿದಳು, ನಾನು ಕಚೇರಿಯ ಕೆಲಸದ ನೆಪದಲ್ಲಿ ತಪ್ಪಿಸಿಕೊಂಡೆ. ಒಂದು ಮಗುವಿಗೆ ಒಬ್ಬರು ಕುಳಿತು ಹೇಳಿಕೊಟ್ಟರೆ ದಿನಕ್ಕೆ ಎರಡು ಗಂಟೆಯ ಪಾಠ ಧಾರಾಳವಾಗಿ ಸಾಕೆಂಬುದು ಆಮೇಲೆ ತಿಳಿಯಿತು. ಉಳಿದ ಹೊತ್ತಿನಲ್ಲಿ ಅವನು ಹಾಲಿನ ಲೆಕ್ಕ ಬರೆದ, ಕರೆಂಟಿನ ಮೀಟರ್ ಓದಿ ಬಿಲ್ಲಿನೊಂದಿಗೆ ತಾಳೆ ನೋಡಿದ, ಕಣ್ಣಿನ ಪೊರೆಯಿಂದ ಓದಲಾಗದಿದ್ದ ಅಜ್ಜಿಗೆ ಪ್ರತಿದಿನ ಪತ್ರಿಕೆ ಓದಿ ಹೇಳಿದ. ಅವನ ಕನ್ನಡ ಸುಧಾರಿಸಿದ್ದು ನಮ್ಮ ವ್ಯಾಕರಣ ಪಾಠದಿಂದಲ್ಲ. ಓದುವಾಗ ಅಲ್ಪಪ್ರಾಣ, ಮಹಾಪ್ರಾಣ ತಪ್ಪಿದರೆ ಸಹಿಸದ ಆ ಅಜ್ಜಿಯಿಂದ. ವಿಜ್ಞಾನದಲ್ಲಿ ಮಾತ್ರ ನಾವು ಸೋತೆವು, ಏಕೆಂದರೆ ಮನೆಯಲ್ಲಿ ಪ್ರಯೋಗಾಲಯವಿರಲಿಲ್ಲ, ನಮ್ಮಿಬ್ಬರಿಗೂ ರಸಾಯನಶಾಸ್ತ್ರ ಬರುತ್ತಿರಲಿಲ್ಲ.

ಪ್ರತಿಯೊಂದು ಮಗುವೂ ತನ್ನದೇ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ಪದ್ಧತಿಯನ್ನು ಮನೆಶಾಲೆಯವರು ತಮ್ಮದೇ ಆವಿಷ್ಕಾರವೆಂಬಂತೆ ಹೇಳುವುದನ್ನು ಕೇಳಿದಾಗ ನನಗೆ ನಗು ಬರುತ್ತದೆ. ನಮ್ಮ ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ 1995ರಲ್ಲಿ ಆರಂಭವಾದ ನಲಿ–ಕಲಿ ಅದೇ ಕೆಲಸವನ್ನು ಕಾರ್ಡುಗಳ ಮೂಲಕ ಮಾಡಿ ತೋರಿಸಿದೆ. ಹತ್ತಿರದ ನಲಿ–ಕಲಿ ತರಗತಿಯಲ್ಲಿ ಅನುಮತಿ ಪಡೆದು ಎರಡು ದಿನ ಕುಳಿತು ಬನ್ನಿ. ಯಾವ ದುಬಾರಿ ಆನ್‌ಲೈನ್ ಪಠ್ಯಕ್ರಮಕ್ಕಿಂತಲೂ ಅದು ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇದು ಪಾಶ್ಚಾತ್ಯರಿಂದ ಬಂದ ಹೊಸ ಗೀಳೇ ಎಂದೂ ಕೇಳಿದ್ದೀರಿ. ಅರ್ಧ ನಿಜ. ಕುಪ್ಪಳಿಯ ಮನೆಯಲ್ಲಿ ದಕ್ಷಿಣ ಕನ್ನಡದಿಂದ ಕರೆಸಿದ ಐಗಳಿಂದ, ಅಂದರೆ ಮೇಷ್ಟ್ರಿಂದ, ಅಕ್ಷರ ಕಲಿತ ಕುವೆಂಪು ಅವರಿಗೆ ಅದು ಚಳವಳಿಯಾಗಿರಲಿಲ್ಲ, ಮಲೆನಾಡಿನ ಅನಿವಾರ್ಯತೆಯಾಗಿತ್ತು. ಶಾಲೆ ಪಕ್ಕದಲ್ಲಿಯೇ ಇದ್ದರೂ ಬೇಡವೆನ್ನುವ ಇಂದಿನ ರೂಪಕ್ಕೆ ಅಮೆರಿಕದ ಶಿಕ್ಷಣ ಚಿಂತಕ ಜಾನ್ ಹೋಲ್ಟ್ ಅವರು 1977ರಲ್ಲಿ ಆರಂಭಿಸಿದ ಮನೆಶಾಲೆಯ ಪತ್ರಿಕೆಯಂಥ ಪ್ರಯತ್ನಗಳು ಬಲ ನೀಡಿದವು. ಅಲ್ಲಿ 1999ರಲ್ಲಿ ಸುಮಾರು 8.5 ಲಕ್ಷವಿದ್ದ ಇಂಥ ಮಕ್ಕಳ ಸಂಖ್ಯೆ 2016ರ ಹೊತ್ತಿಗೆ ಸುಮಾರು 17 ಲಕ್ಷಕ್ಕೆ ಏರಿತು. ನಮ್ಮಲ್ಲಿ ಬೆಂಗಳೂರು, ಪುಣೆಯಂಥ ನಗರಗಳಲ್ಲಿ ಕುಟುಂಬಗಳು ಪರಸ್ಪರ ಸೇರುತ್ತವೆ, ‘ಸ್ವಶಿಕ್ಷಣ್’ ಎಂಬ ಒಕ್ಕೂಟವೂ ಇದೆ. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದ ಮೇಲೆ ಅನೇಕರು ‘ನಾವೂ ಮನೆಶಾಲೆ ಮಾಡಿದೆವು’ ಎನ್ನುತ್ತಾರೆ. ಮೊಬೈಲಿನ ಮುಂದೆ ಮಗುವನ್ನು ಕೂರಿಸಿದ್ದು ಶಾಲೆಯೂ ಅಲ್ಲ, ಮನೆಶಾಲೆಯೂ ಅಲ್ಲ.

ಪರೀಕ್ಷೆಯ ವಿಷಯಕ್ಕೆ ಬರುತ್ತೇನೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ, ಅಂದರೆ ಎನ್‌ಐಒಎಸ್‌ನ, ಹತ್ತನೆಯ ತರಗತಿಗೆ 14 ವರ್ಷ ತುಂಬಿದ ಮಕ್ಕಳು ನೋಂದಾಯಿಸಿಕೊಳ್ಳಬಹುದು. ಐದು ವಿಷಯಗಳು, ಅವುಗಳಲ್ಲಿ ಒಂದಾದರೂ ಭಾಷೆ, ಕನ್ನಡವನ್ನೂ ಆರಿಸಿಕೊಳ್ಳಬಹುದು. ವರ್ಷಕ್ಕೆ ಎರಡು ಬಾರಿ ಪರೀಕ್ಷೆ ನಡೆಯುತ್ತದೆ, ನೋಂದಣಿ ಐದು ವರ್ಷ ಊರ್ಜಿತವಾಗಿರುತ್ತದೆ, ಒಂದೊಂದೇ ವಿಷಯವನ್ನು ಬರೆದು ಮುಗಿಸುವ ಅವಕಾಶವೂ ಇದೆ. ನನ್ನ ಮಗ ಎರಡು ಸಲಕ್ಕೆ ಹಂಚಿಕೊಂಡು ಬರೆದ. ಅನಂತರ ಪಿಯು ಕಾಲೇಜಿಗೆ ಸೇರುವಾಗ, ಬೇರೆ ಮಂಡಳಿಯಿಂದ ಬಂದವನೆಂಬ ಕಾರಣಕ್ಕೆ ಇಲಾಖೆಯಿಂದ ಅರ್ಹತಾ ಪ್ರಮಾಣಪತ್ರ ಪಡೆಯಬೇಕಾಯಿತು. ಇಲ್ಲಿಯವರೆಗೆ ಎಲ್ಲವೂ ಸುಲಭವೇ.

ನಾವು ಎಡವಿದ್ದು ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ. ಕರ್ನಾಟಕದ ಸೀಟುಗಳಿಗೆ ಅರ್ಹತೆ ಪಡೆಯುವ ಸಾಮಾನ್ಯ ದಾರಿಯೆಂದರೆ, ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿಯವರೆಗಿನ ಅವಧಿಯಲ್ಲಿ ಕನಿಷ್ಠ ಏಳು ವರ್ಷ ರಾಜ್ಯದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಓದಿರಬೇಕು. ನನ್ನ ಮಗನಿಗೆ ಮೊದಲ ಎರಡು ವರ್ಷ, ಪಿಯುಸಿಯ ಎರಡು ವರ್ಷ ಸೇರಿ ನಾಲ್ಕೇ. ತಂದೆ ಅಥವಾ ತಾಯಿ ರಾಜ್ಯದಲ್ಲಿ ಏಳು ವರ್ಷ ಓದಿದ್ದರೆ ಅನ್ವಯವಾಗುವ ಇನ್ನೊಂದು ಷರತ್ತು ನಮ್ಮನ್ನು ಉಳಿಸಿತು. ಅದಕ್ಕಾಗಿ ಪತ್ನಿ ತಾನು ಬಾಲ್ಯದಲ್ಲಿ ಓದಿದ ಹಳ್ಳಿಯ ಶಾಲೆಗೆ ಹೋಗಿ, ಹಳೆಯ ದಾಖಲಾತಿ ಪುಸ್ತಕ ಹುಡುಕಿಸಿ, ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಹಾಕಿಸಿಕೊಂಡು ಬರುವಷ್ಟರಲ್ಲಿ ಒಂದು ವಾರ ಕಳೆದಿತ್ತು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿಗಳಿಗೆ ಒಂದರಿಂದ ಹತ್ತನೆಯ ತರಗತಿಯವರೆಗಿನ ಪೂರ್ತಿ ಹತ್ತು ವರ್ಷಗಳ ವ್ಯಾಸಂಗ ಪ್ರಮಾಣಪತ್ರ ಬೇಕು. ಕನ್ನಡದಲ್ಲಿಯೇ ಎಲ್ಲವನ್ನೂ ಕಲಿತ ಹುಡುಗನಿಗೆ ಕನ್ನಡ ಮಾಧ್ಯಮದ ಮೀಸಲಾತಿ ಸಿಗಲಿಲ್ಲ. ನೀವಿಬ್ಬರೂ ಹೊರರಾಜ್ಯದಲ್ಲಿ ಓದಿದವರಾಗಿದ್ದರೆ ಈ ಒಂದು ಲೆಕ್ಕವೇ ನಿಮ್ಮ ತೀರ್ಮಾನವನ್ನು ಬದಲಿಸಬಹುದು. ಷರತ್ತುಗಳು ಬದಲಾಗಬಹುದಾದ್ದರಿಂದ ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮಾಹಿತಿ ಪುಸ್ತಿಕೆಯನ್ನು ಈಗಲೇ ಓದಿಟ್ಟುಕೊಳ್ಳಿ.

ನಡುವೆ ಮನಸ್ಸು ಬದಲಾದರೆ ಹಿಂದಿರುಗುವ ಬಾಗಿಲು ತೆರೆದೇ ಇದೆ. ಶಿಕ್ಷಣ ಹಕ್ಕು ಕಾಯ್ದೆಯ 4ನೆಯ ಕಲಂ ಪ್ರಕಾರ, ಶಾಲೆಗೆ ಸೇರದಿದ್ದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. 13ನೆಯ ಕಲಂ ಪ್ರವೇಶಕ್ಕೆ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸುವುದನ್ನು ನಿಷೇಧಿಸುತ್ತದೆ. ಹೀಗಿದ್ದೂ ಮಗಳ ಸಲುವಾಗಿ ನಾವು ಹೋದ ಖಾಸಗಿ ಶಾಲೆಯೊಂದರಲ್ಲಿ ಟಿ.ಸಿ. ಇಲ್ಲವೆಂದು ನಮ್ಮನ್ನು ಬಾಗಿಲಿನಿಂದಲೇ ಕಳಿಸಿದರು. ಮನೆಯ ಸಮೀಪದ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯಿನಿ ಜನನ ಪ್ರಮಾಣಪತ್ರ ನೋಡಿ ಅಂದೇ ಆರನೆಯ ತರಗತಿಗೆ ಸೇರಿಸಿಕೊಂಡರು. ಮಗಳು ಶಾಲೆ ಬಯಸಿದ್ದು ಪಾಠಕ್ಕಲ್ಲ, ಖೊಖೊ ತಂಡಕ್ಕೆ. ಮನೆಯಲ್ಲಿ ನಾವು ಎಷ್ಟು ಪ್ರಯತ್ನಿಸಿದರೂ ಒಂಬತ್ತು ಜನರನ್ನು ಒದಗಿಸಲಾಗುತ್ತಿರಲಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ಒಂದು ವಿವರ ಬಿಟ್ಟುಹೋಗಿದೆ: ಹಗಲು ಹೊತ್ತು ಮಗಳ ಜೊತೆ ಮನೆಯಲ್ಲಿರುವವರು ಯಾರು? ನಮ್ಮಲ್ಲಿ ಆ ಭಾರ ಪತ್ನಿಯ ಮೇಲೆಯೇ ಬಿದ್ದು, ಅವಳು ಏಳು ವರ್ಷ ತನ್ನ ನೌಕರಿಯನ್ನು ಬಿಡಬೇಕಾಯಿತು. ಇದನ್ನು ನಾವಿಬ್ಬರೂ ಕುಳಿತು ತೀರ್ಮಾನಿಸಿದ್ದಲ್ಲ, ತಾನಾಗಿಯೇ ಹಾಗಾಯಿತು. ನಿಮ್ಮಲ್ಲಿ ಹಗಲು ಯಾರಿರುತ್ತೀರಿ ಎಂಬುದನ್ನು ತಿಳಿಸಿದರೆ, ಒಂದು ದಿನವನ್ನು ಹೇಗೆ ಹಂಚಿಕೊಳ್ಳಬಹುದೆಂಬುದನ್ನು ವಿವರವಾಗಿ ಬರೆಯುತ್ತೇನೆ.